ಬೆಳ್ಳೂರಿನಿಂದ ಯೂರೋಪಿಗೆ

ಕೆಲವು ವರ್ಷಗಳ ಹಿಂದೆ, ನನ್ನಲ್ಲಿ ಕನ್ನಡ ಓದಿದ್ದ ನಾಗಮಂಗಲದ ಕಡೆಯ ವಿದ್ಯಾರ್ಥಿಯೊಬ್ಬನು ಹೆಚ್ಚಿನ ವ್ಯಾಸಂಗಕ್ಕೆಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಹೊರಟಿದ್ದವನು ಹೇಳಿಹೋಗಲು ನಮ್ಮ ಮನೆಗೆ ಬಂದಿದ್ದನು. ಅವನ ಕೈಯಲ್ಲಿ ಎರಡು ದಪ್ಪ ಪುಸ್ತಕಗಳಿದ್ದುವು. ಯೂರೋಪಿಗೆ ಹೋಗುವ ಪ್ರವಾಸಿಗಳಿಗಾಗಿ ಬರೆದ ಕೈಪಿಡಿಗಳು ಅವು. ಯಾವ ಊರಿಗೆ ಯಾವ ರೈಲು, ಊಟದ ಮನೆಯಲ್ಲಿ ಬಡಿಸಿದವನಿಗೆ ಎಷ್ಟು ಇನಾಮು, ಹೊಸಬರನ್ನು ಕಂಡಾಗ ಕೈಯನ್ನು ಹೇಗೆ ಕುಲುಕಬೇಕು, ಯಾವ ಪ್ರಶ್ನೆಯನ್ನು ಕೇಳಬಾರದು ಎಂಬ ವಿವರಗಳೆಲ್ಲ ಅವುಗಳಲ್ಲಿ ಅಚ್ಚುಕಟ್ಟಾಗಿದ್ದುವು. ಅವನ್ನು ಮೇಜಿನ ಮೇಲಿಟ್ಟು ಅವನು ಒಂದು ಮಾತು ಕೇಳಿದನು. ಅಲ್ಲಿಯ ಜನರ ನಡುವೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಈ ಪುಸ್ತಕಗಳು ಹೇಳುತ್ತವೆ. ಆ ಜನ ಯಾವುದಕ್ಕೆ ಅಳುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಯಾವುದನ್ನು ದೊಡ್ಡದೆಂದು ಭಾವಿಸುತ್ತಾರೆ ಎಂಬುದನ್ನು ಹೇಳುವ ಪುಸ್ತಕ ಯಾವುದು?

ನಾನು ಒಳಗೆ ಹೋಗಿ ಒಂದು ತೆಳ್ಳನೆಯ ಪುಸ್ತಕವನ್ನು ತಂದುಕೊಟ್ಟೆ. ಅದು ‘ಇಂಗ್ಲಿಷ್ ಗೀತಗಳು’. ಹುಡುಗನು ನಕ್ಕನು. ಶಾಲೆಯ ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದ ಪದ್ಯಗಳ ಪುಸ್ತಕವನ್ನು ವಿಮಾನವೇರುವವನ ಕೈಗೆ ಮೇಷ್ಟರು ಕೊಡುತ್ತಿದ್ದಾರಲ್ಲ ಎಂಬ ನಗೆ ಅದು. ಅದನ್ನು ಬರೆದವರು ಅವನ ಊರಿಗೆ ಕೆಲವೇ ಮೈಲಿ ದೂರದ ಬೆಳ್ಳೂರಿನವರೆಂಬುದು ಅವನಿಗೆ ತಿಳಿದಿರಲಿಲ್ಲ. ಅಂದು ಅವನಿಗೆ ಅರ್ಧ ಗಂಟೆಯಲ್ಲಿ ಹೇಳಲಾಗದೆ ಹೋದುದನ್ನು ಇಂದು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂಬುದು ನನ್ನ ಆಸೆ. ಅದು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರ, ಕನ್ನಡಿಗರೆಲ್ಲ ಅಕ್ಕರೆಯಿಂದ ‘ಶ್ರೀ’ ಎಂದು ಕರೆದವರ, ಬಾಳಿನ ಕಥೆ.

ಈ ಕಥೆಯನ್ನು ಸ್ವಲ್ಪ ಹಿಂದಿನಿಂದಲೇ ಆರಂಭಿಸಬೇಕು. ನಮ್ಮ ಈ ಸೀಮೆಗೆ ಯೂರೋಪು ಹೊಸದಲ್ಲ. ಇಂದಿನ ಪಾಂಡವಪುರವನ್ನು ನಮ್ಮ ಅಜ್ಜಂದಿರ ಕಾಲದ ಇಂಗ್ಲಿಷ್ ಕಾಗದಪತ್ರಗಳು ಫ್ರೆಂಚ್ ರಾಕ್ಸ್ ಎಂದೇ ಕರೆಯುತ್ತಿದ್ದುವು. ಹೈದರಾಲಿ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದುದರಿಂದ ಬಂದ ಹೆಸರು ಅದು. ಟಿಪ್ಪುಸುಲ್ತಾನನು ಶ್ರೀರಂಗಪಟ್ಟಣದಿಂದ ಕಳುಹಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟಿನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆಯನ್ನು ಕಂಡರು. ಅವರನ್ನು ನೋಡಲು ಪ್ಯಾರಿಸಿನ ಜನ ಬೀದಿಗಳಲ್ಲಿ ಕಿಕ್ಕಿರಿದರು. ಮರುವರ್ಷವೇ ಆ ದೇಶದಲ್ಲಿ ಕ್ರಾಂತಿಯ ಕಿಡಿ ಹೊತ್ತಿತು. 1797ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಫ್ರೆಂಚರು ತಮ್ಮ ಕ್ರಾಂತಿಯ ಮಾದರಿಯಲ್ಲಿ ಒಂದು ಕೂಟವನ್ನು ಕಟ್ಟಿ ಸ್ವಾತಂತ್ರ್ಯದ ಗಿಡವೊಂದನ್ನು ನೆಟ್ಟರು. 1799ರ ಮೇ 4ರಂದು ಕೋಟೆ ಬಿದ್ದಿತು. ಸುಮಾರು 2000 ಗ್ರಂಥಗಳಿದ್ದ ಸುಲ್ತಾನನ ಪುಸ್ತಕಭಂಡಾರವನ್ನು ಗೆದ್ದವರು ಸಾಗಿಸಿದರು. ಇಷ್ಟೆಲ್ಲ ನಡೆದರೂ ಯೂರೋಪಿನ ಜನರ ಅಂತರಂಗವನ್ನು ಕನ್ನಡಿಗನಿಗೆ ಕನ್ನಡದಲ್ಲಿ ತಿಳಿಸುವ ಒಂದು ಪುಸ್ತಕವೂ ಹುಟ್ಟಲಿಲ್ಲ. ಫಿರಂಗಿಯ ಪರಿಚಯವಾಯಿತು, ಫಿರಂಗಿಯವನ ಪರಿಚಯವಾಗಲಿಲ್ಲ.

ಆದರೆ ಆ ಕಡೆಯವರು ಸುಮ್ಮನಿರಲಿಲ್ಲ. ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಆಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಯು ಇಲ್ಲಿಯ ಜನರಂತೆ ಉಟ್ಟು, ಇಲ್ಲಿಯವರಂತೆ ಉಂಡು, ಹಿಂದೂಗಳ ಆಚಾರವಿಚಾರಗಳನ್ನು ಕುರಿತ ದೊಡ್ಡ ಗ್ರಂಥವೊಂದನ್ನು ಸಿದ್ಧಗೊಳಿಸಿದನು. ಗಂಜಾಮಿನಲ್ಲಿ ಅವನ ಹೆಸರಿನ ಚರ್ಚು ಇಂದಿಗೂ ಇದೆ. ಇಂಗ್ಲಿಷ್ ಕಂಪನಿಯವರು ಆ ಹಸ್ತಪ್ರತಿಯನ್ನು 2000 ವರಹಕ್ಕೆ ಕೊಂಡರು. 1816ರಲ್ಲಿ ಅದರ ಇಂಗ್ಲಿಷ್ ಭಾಷಾಂತರ ಹೊರಬಂದಿತು. ಭಾರತಕ್ಕೆ ಬರುವ ಎಷ್ಟೋ ಆಂಗ್ಲ ಅಧಿಕಾರಿಗಳಿಗೆ ಅದೇ ಕೈಪಿಡಿಯಾಯಿತು. ಅದರ ಬಹುಭಾಗ ಹಳೆಯ ಜೆಸ್ಯುಟ್ ಪಾದ್ರಿಯೊಬ್ಬನ ಬರೆಹದಿಂದ ಎತ್ತಿಕೊಂಡುದೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಅದು ಹೇಗಾದರೂ ಇರಲಿ. ನಮ್ಮನ್ನು ತಿಳಿಯಲು ಅವರಿಗೆ ನಮ್ಮ ಊರಿನಲ್ಲಿಯೇ ಒಂದು ಪುಸ್ತಕ ಸಿಕ್ಕಿತು. ಅವರನ್ನು ತಿಳಿಯಲು ನಮಗೊಂದು ಪುಸ್ತಕ ಸಿಕ್ಕಲು ಇನ್ನೊಂದು ನೂರು ವರ್ಷ ಬೇಕಾಯಿತು. ಅದನ್ನು ಕೊಟ್ಟವರೂ ಈ ಸೀಮೆಯವರೇ ಆದುದು ಕಾಕತಾಳೀಯವಿರಬಹುದು; ಆದರೂ ಮನಸ್ಸಿಗೆ ಹಿತವಾದ ಕಾಕತಾಳೀಯ.

ಶ್ರೀಕಂಠಯ್ಯನವರು ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಸೀಮೆಯ ಸಂಪಿಗೆ ಗ್ರಾಮದಲ್ಲಿ. ಹಿರಿಯರ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಇಂದು ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರು ಬೆಳ್ಳೂರು ಕ್ರಾಸ್ ಎಂಬ ಹೆಸರನ್ನು ಓದಿ ಮುಂದೆ ಸಾಗುತ್ತಾರೆ. ಒಳಗೆ ತಿರುಗಿದರೆ ಹೊಯ್ಸಳರ ಕಾಲದ ಮಾಧವರಾಯನ ಗುಡಿಯಿರುವ ಹಳೆಯ ಊರು ಸಿಕ್ಕುತ್ತದೆ. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು; ತಾಯಿ ಭಾಗೀರಥಮ್ಮನವರು. ಮನೆಯ ಮಾತು ತಮಿಳು. ಮುಂದೆ ಜನ ಅವರನ್ನು ಕನ್ನಡದ ಕಣ್ವರೆಂದು ಕರೆದಾಗ ಆ ಹೋಲಿಕೆ ಎಷ್ಟು ಒಪ್ಪಿತೆಂಬುದನ್ನು ಗಮನಿಸಬೇಕು. ಶಕುಂತಲೆಯು ಕಣ್ವನಿಗೆ ಹೆತ್ತ ಮಗಳಲ್ಲ, ಸಾಕಿದ ಮಗಳು.

ಬಾಲಕ ಶ್ರೀಕಂಠಯ್ಯನ ಓದು ಆರಂಭವಾದದ್ದು ಶ್ರೀರಂಗಪಟ್ಟಣದಲ್ಲಿ. ಕೋಟೆ ಬಿದ್ದು ಆಗ ನೂರು ವರ್ಷವೂ ಆಗಿರಲಿಲ್ಲ. ಮುರಿದ ಗೋಡೆ, ಬರಿದಾದ ಕಂದಕ, ಅರಮನೆಯಿದ್ದ ಜಾಗದಲ್ಲಿ ಬಯಲು. ಅವುಗಳ ನಡುವೆ ಎಂದಿನಂತೆ ಹರಿಯುವ ಕಾವೇರಿ, ಎಂದಿನಂತೆ ಪವಡಿಸಿರುವ ರಂಗನಾಥ. ಸೋತ ರಾಜಧಾನಿಯೊಂದರ ಬೀದಿಗಳಲ್ಲಿ ಆಡಿ ಬೆಳೆದ ಹುಡುಗನ ಮನಸ್ಸಿನಲ್ಲಿ ಏನು ಮೂಡಿರಬಹುದೆಂದು ಊಹಿಸುವುದು ಜೀವನಚರಿತ್ರಕಾರನ ಅಧಿಕಾರವನ್ನು ಮೀರಿದ ಮಾತು. ಆದರೂ ನಾನು ಆ ಊಹೆಯನ್ನು ಬಿಡಲಾರೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಮೈಸೂರು, ಬೆಂಗಳೂರು, ಮದರಾಸುಗಳಲ್ಲಿ ಅವರ ಮುಂದಿನ ವ್ಯಾಸಂಗ ನಡೆಯಿತು. ತಂದೆಯ ದಾರಿಯಲ್ಲಿ ನಡೆಯುವಂತೆ ನ್ಯಾಯಶಾಸ್ತ್ರದ ಪದವಿಯನ್ನು ಪಡೆದರು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದರು. ನ್ಯಾಯಾಲಯ ಅವರನ್ನು ಕರೆಯಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜು ಕರೆಯಿತು. ಅಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಅವರು ಷೇಕ್ಸ್‌ಪಿಯರನನ್ನೂ ಮಿಲ್ಟನನನ್ನೂ ವರ್ಡ್ಸ್‌ವರ್ತನನ್ನೂ ಪಾಠ ಹೇಳಿದರು. ಆ ಕಾಲದ ಇಂಗ್ಲಿಷ್ ಪ್ರಾಧ್ಯಾಪಕನ ಸ್ಥಾನಮಾನವನ್ನು ಇಂದಿನ ನಾವು ಸುಲಭವಾಗಿ ಕಲ್ಪಿಸಿಕೊಳ್ಳಲಾರೆವು. ವಿದ್ಯಾವಂತರು ಮನೆಯ ಪತ್ರಗಳನ್ನು ಸಹ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಕಾಲ ಅದು. ಕನ್ನಡ ಪಂಡಿತನೆಂದರೆ ಕಾಲೇಜಿನ ಮೂಲೆಯಲ್ಲಿ ಕುಳಿತು ಸಂಬಳದಲ್ಲಿಯೂ ಗೌರವದಲ್ಲಿಯೂ ಕಡಮೆಯಾದವನು. ಇಂಗ್ಲಿಷಿನ ಸುಖಾಸನದಲ್ಲಿ ಕುಳಿತಿದ್ದವರು ಎದ್ದು ಬಂದು ಆ ಮೂಲೆಯಲ್ಲಿ ನಿಂತುದೇ ಶ್ರೀಯವರ ಬಾಳಿನ ಮುಖ್ಯ ಘಟನೆ.

ಆ ಘಟನೆ ಬಹಿರಂಗವಾದುದು 1911ರಲ್ಲಿ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ವೇದಿಕೆಯ ಮೇಲೆ. ಆಗ ಅವರಿಗೆ 27 ವರ್ಷ. ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಅವರು ಮಾಡಿದ ಭಾಷಣ ನಮ್ಮ ಸಾಹಿತ್ಯ ಚರಿತ್ರೆಯ ಒಂದು ಮೈಲಿಗಲ್ಲು. ಇಂಗ್ಲಿಷನ್ನು ತಳ್ಳಿಹಾಕಿ ಎಂದು ಅವರು ಹೇಳಲಿಲ್ಲ. ಹಳೆಯದನ್ನು ಸುಟ್ಟುಬಿಡಿ ಎಂದೂ ಹೇಳಲಿಲ್ಲ. ಇಂಗ್ಲಿಷ್ ಬಲ್ಲವರು ಅಲ್ಲಿಯ ಸಂಪತ್ತನ್ನು ಹೊತ್ತು ತಂದು ಕನ್ನಡಕ್ಕೆ ಸುರಿಯಬೇಕು, ಜನ ಆಡುವ ಕನ್ನಡ ಗ್ರಂಥಕ್ಕೆ ಏರಬೇಕು ಎಂಬುದು ಅವರ ಆಶಯ. ಮೈಸೂರಿನ ಪ್ರಜೆಯೊಬ್ಬನು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡಕ್ಕೆ ಹೋಗಿ ಈ ಮಾತನ್ನು ಆಡಿದುದರಲ್ಲಿಯೂ ಒಂದು ಅರ್ಥವಿತ್ತು. ನಾಡು ಒಂದಾಗುವುದಕ್ಕೆ ಇನ್ನೂ 45 ವರ್ಷ ಇದ್ದಿತು.

ಹೇಳಿದಷ್ಟು ಸುಲಭವಾಗಿರಲಿಲ್ಲ ಆ ಕೆಲಸ. ಅವರಿಗಿಂತ ಮೊದಲೇ ಕೆಲವರು ಈ ದಾರಿಯಲ್ಲಿ ಹೆಜ್ಜೆಯಿಟ್ಟಿದ್ದರು. ಎಸ್.ಜಿ. ನರಸಿಂಹಾಚಾರ್ಯರೂ ಪಂಜೆ ಮಂಗೇಶರಾಯರೂ ಇಂಗ್ಲಿಷ್ ಪದ್ಯಗಳನ್ನು ಕನ್ನಡಕ್ಕೆ ತಂದಿದ್ದರು. ಹಟ್ಟಿಯಂಗಡಿ ನಾರಾಯಣರಾಯರ ‘ಆಂಗ್ಲ ಕವಿತಾವಳಿ’ 1919ರಲ್ಲಿ ಹೊರಬಂದಿತ್ತು. ಮಂಜೇಶ್ವರದ ಗೋವಿಂದ ಪೈಗಳು 1911ರ ಸುಮಾರಿಗೆ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆಯುವ ಧೈರ್ಯ ಮಾಡಿದ್ದರು. ಪ್ರತಿಯೊಂದು ಸಾಲಿನ ಎರಡನೆಯ ಅಕ್ಷರವೂ ಒಂದೇ ಆಗಿರಬೇಕೆಂಬ ಆ ನಿಯಮ ಸಾವಿರ ವರ್ಷದ್ದು. ಕಂದ, ವೃತ್ತ, ಷಟ್ಪದಿಗಳು ಮಹಾಕಾವ್ಯದ ನಡೆಗೆ ತಕ್ಕ ರಾಜಮಾರ್ಗಗಳು. ಒಂದು ಕ್ಷಣದ ದುಃಖ, ಒಂದು ಹಕ್ಕಿಯ ಕೂಗು, ಒಬ್ಬ ಹುಡುಗಿಯ ಸಾವು ಇವುಗಳನ್ನು ಹಾಡುವ ಸಣ್ಣ ಗೀತೆಗೆ ಬೇಕಾದ ಕಾಲುದಾರಿ ಕನ್ನಡದ ಪಂಡಿತ ಕಾವ್ಯದಲ್ಲಿ ಇರಲಿಲ್ಲ.

ಶ್ರೀಯವರು ಆ ಕಾಲುದಾರಿಯನ್ನು ತುಳಿದು ಮಾಡಿದರು. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳು ಕನ್ನಡದ ಹಳೆಯ ಸೊತ್ತೇ. ಷಟ್ಪದಿ ರಗಳೆಗಳಲ್ಲಿ, ಹಳ್ಳಿಯ ಹಾಡುಗಳಲ್ಲಿ, ಅವು ಹಿಂದಿನಿಂದ ಇದ್ದುವು. ಅವನ್ನೇ ಬಿಡಿಸಿ, ಬೇರೆ ಬೇರೆ ಅಳತೆಯ ಸಾಲುಗಳಲ್ಲಿ ಹೊಸದಾಗಿ ಜೋಡಿಸಿ, ಆದಿಪ್ರಾಸದ ಬದಲು ಅಂತ್ಯಪ್ರಾಸವನ್ನು ಇಟ್ಟು, ಇಂಗ್ಲಿಷ್ ಪದ್ಯದ ಕಟ್ಟಡಕ್ಕೆ ಸಮನಾದ ಕನ್ನಡ ಕಟ್ಟಡಗಳನ್ನು ಎಬ್ಬಿಸಿದರು. ಕಲ್ಲು ಇಲ್ಲಿಯದು, ನಕ್ಷೆ ಅಲ್ಲಿಯದು. 1921ರಲ್ಲಿ ಸಣ್ಣದಾಗಿ ಬೆಳಕು ಕಂಡ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪೂರ್ಣರೂಪದಲ್ಲಿ ಹೊರಬಂದಿತು. ಅದರಲ್ಲಿರುವುದು ಸುಮಾರು 60 ಕವನಗಳು. ಹೆಚ್ಚಿನವು 1861ರಲ್ಲಿ ಪಾಲ್‌ಗ್ರೇವನು ಸಂಪಾದಿಸಿದ ‘ಗೋಲ್ಡನ್ ಟ್ರೆಷರಿ’ ಎಂಬ ಪ್ರಸಿದ್ಧ ಸಂಕಲನದಿಂದ ಆರಿಸಿದುವು. ಆಗ ಶ್ರೀಯವರಿಗೆ 42 ವರ್ಷ. ನನ್ನ ವಯಸ್ಸೂ ಈಗ ಆ ನೆರೆಯಲ್ಲಿಯೇ ಇದೆಯೆಂಬುದನ್ನು ನೆನೆದಾಗ ನನಗೆ ನಾಚಿಕೆಯಾಗುತ್ತದೆ.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಪುಸ್ತಕ ಯೂರೋಪನ್ನು ತಿಳಿಸುತ್ತದೆಯೆ, ಮರೆಸುತ್ತದೆಯೆ? ಟಾಮಸ್ ಕ್ಯಾಂಬೆಲ್ಲನ ‘ಲಾರ್ಡ್ ಅಲಿನ್ಸ್ ಡಾಟರ್’ ಎಂಬ ಕಥನಗೀತೆಯನ್ನು ತೆಗೆದುಕೊಳ್ಳೋಣ. ಸ್ಕಾಟ್ಲೆಂಡಿನ ಪಡುಗಡಲಿನ ಅಲ್ವ ಎಂಬ ದ್ವೀಪದ ನಾಯಕನೊಬ್ಬನು ಶತ್ರುವಿನ ಮಗಳನ್ನು ಪ್ರೀತಿಸಿ ಕರೆದುಕೊಂಡು ಓಡುತ್ತಾನೆ. ಹಿಂದೆ ತಂದೆಯ ಕುದುರೆಗಳು, ಮುಂದೆ ಬಿರುಗಾಳಿಯೆದ್ದ ಕಡಲ ಕೊಲ್ಲಿ. ಅಂಬಿಗನು ಹಣಕ್ಕಾಗಿ ಅಲ್ಲ, ಹುಡುಗಿಯ ಮುಖ ನೋಡಿ ದೋಣಿಯನ್ನು ಬಿಡುತ್ತಾನೆ. ದಡಕ್ಕೆ ಬಂದ ತಂದೆ ಮಗಳು ಮುಳುಗುವುದನ್ನು ಕಂಡು, ಕೋಪವೆಲ್ಲ ಕರಗಿ, ಕ್ಷಮಿಸಿದೆನೆಂದು ಕೂಗುತ್ತಾನೆ. ಕ್ಷಮೆ ತಡವಾಗಿದೆ. ಶ್ರೀಯವರು ಇದನ್ನು ‘ಕಾರಿಹೆಗ್ಗಡೆಯ ಮಗಳು’ ಎಂದು ಕರೆದರು. ಸ್ಕಾಟ್ ಪ್ರಭು ಹೆಗ್ಗಡೆಯಾದನು. ದ್ವೀಪದ ನಾಯಕ ಗೌಡನಾದನು. ಅಲ್ಲಿಯ ಕುಲಗಳ ಹಗೆತನ, ಅಲ್ಲಿಯ ಉಡುಪು, ಅಲ್ಲಿಯ ಊರ ಹೆಸರು ಯಾವುದೂ ಉಳಿಯಲಿಲ್ಲ. ಸ್ಕಾಟ್ಲೆಂಡನ್ನು ತಿಳಿಯಬೇಕೆಂಬವನಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಥಟ್ಟನೆ ಉತ್ತರ ಹೇಳುವುದು ಕಷ್ಟ. ನಾನೂ ಕೆಲವು ವರ್ಷ ಇದನ್ನು ದೋಷವೆಂದೇ ತರಗತಿಯಲ್ಲಿ ಹೇಳುತ್ತಿದ್ದೆ.

ನನ್ನ ಅಭಿಪ್ರಾಯವನ್ನು ತಿದ್ದಿದವಳು ಒಬ್ಬ ವಿದ್ಯಾರ್ಥಿನಿ. ಆ ಪದ್ಯವನ್ನು ಓದಿ ಮುಗಿಸಿದ ಒಂದು ದಿನ ತರಗತಿಯಲ್ಲಿ ಎಂದೂ ಇಲ್ಲದ ಮೌನ ಕವಿಯಿತು. ಕೊನೆಯ ಸಾಲಿನಲ್ಲಿ ಕುಳಿತಿದ್ದ ಹುಡುಗಿ ಎದ್ದು ಕೇಳಿದಳು: ತಂದೆ ಬಂದದ್ದು ಮಗಳನ್ನು ಮನೆಗೆ ಕರೆತರುವುದಕ್ಕೋ, ಕೊಲ್ಲುವುದಕ್ಕೋ? ಜಾತಿಯ ಹೆಸರಿನಲ್ಲಿ, ಮನೆತನದ ಮರ್ಯಾದೆಯ ಹೆಸರಿನಲ್ಲಿ ಹೆತ್ತವರೇ ಮಕ್ಕಳ ಪ್ರಾಣ ತೆಗೆದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಅಂಥ ಸುದ್ದಿಗೆ ನಮ್ಮ ಸೀಮೆಯೂ ಹೊರತಲ್ಲ. ನಾನು ಉತ್ತರ ಹೇಳದೆ ನಿಂತೆ. ಪದ್ಯದಲ್ಲಿ ಗೌಡನೂ ಹೆಗ್ಗಡೆಯೂ ಇಲ್ಲದೆ ಬರಿಯ ಲಾರ್ಡ್ ಇದ್ದಿದ್ದರೆ ಆ ಹುಡುಗಿ ಆ ಪ್ರಶ್ನೆಯನ್ನು ಕೇಳುತ್ತಿರಲಿಲ್ಲ. ದೂರದ ದೇಶದ ವಿಚಿತ್ರ ಕಥೆಯೊಂದನ್ನು ಕೇಳಿ ಮರೆತುಬಿಡುತ್ತಿದ್ದಳು. ಹೆಸರನ್ನು ಬದಲಿಸಿ ಶ್ರೀಯವರು ವೇಷವನ್ನು ತೆಗೆದಿದ್ದರು; ಒಳಗಿದ್ದ ಭಯ ನಮ್ಮದೇ ಆಗಿ ಕಾಣಿಸಿತು. ಪರದೇಶದವನೊಬ್ಬನನ್ನು ಅರಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಬೇರೆ ಇಲ್ಲವೆಂದು ನನಗೆ ಅಂದಿನಿಂದ ತೋರಿದೆ.

ಟಾಮಸ್ ಹುಡ್ಡನು 1844ರಲ್ಲಿ ಬರೆದ ಕವನವೊಂದು ಶ್ರೀಯವರ ಕೈಯಲ್ಲಿ ‘ದುಃಖಸೇತು’ ಎಂದಾಯಿತು. ಲಂಡನ್ನಿನ ಸೇತುವೆಯಿಂದ ಹೊಳೆಗೆ ಹಾರಿ ಸತ್ತ ಅನಾಥ ಹೆಣ್ಣಿನ ಮೇಲಿನ ಮರುಕ ಅದರ ವಸ್ತು. ನಮ್ಮನ್ನು ಆಳಿದ ಜನರ ರಾಜಧಾನಿಯಲ್ಲಿ, ಜಗತ್ತಿನ ಅತ್ಯಂತ ಸಿರಿವಂತ ನಗರದಲ್ಲಿ, ತಲೆಯಿಡಲು ಮನೆಯಿಲ್ಲದೆ ಸಾಯುವ ಹೆಣ್ಣೂ ಇದ್ದಳೆಂಬುದು 1920ರ ದಶಕದ ಕನ್ನಡ ಓದುಗನಿಗೆ ಹೊಸ ತಿಳಿವಳಿಕೆ. ದೊರೆಗಳ ದೇಶವೆಂದರೆ ದೊರೆಗಳಷ್ಟೇ ಇರುವ ದೇಶವಲ್ಲ ಎಂಬುದನ್ನು ಯಾವ ರಾಜಕೀಯ ಭಾಷಣವೂ ಇಷ್ಟು ಮೆಲ್ಲಗೆ ಹೇಳಲಾರದು.

ಗೀತೆಗಳ ಜೊತೆಗೇ ಶ್ರೀಯವರು ಇನ್ನೊಂದು ದೊಡ್ಡ ಯಾತ್ರೆಗೆ ಹೊರಟರು. ಅದು ಗ್ರೀಸಿನ ಕಡೆಗೆ. ನಮ್ಮ ನಾಟಕಗಳು ಮಂಗಳದಲ್ಲಿ ಮುಗಿಯಬೇಕೆಂಬುದು ಸಂಪ್ರದಾಯ. ದೊಡ್ಡ ಮನುಷ್ಯನೊಬ್ಬನು ತನ್ನ ಸ್ವಭಾವದಲ್ಲಿರುವ ಒಂದು ಬಿರುಕಿನಿಂದ ಕುಸಿದು ಬೀಳುವುದನ್ನು ನೋಡಿ ಜನ ಭಯದಿಂದಲೂ ಕನಿಕರದಿಂದಲೂ ಶುದ್ಧರಾಗುತ್ತಾರೆಂಬ ಗ್ರೀಕರ ಕಲ್ಪನೆ ಇಲ್ಲಿಗೆ ಹೊಸದು. ಆ ಬೆಳಕನ್ನು ಹಿಡಿದು ಅವರು ಮೊದಲು ನಮ್ಮ ಹಳೆಯ ಕಾವ್ಯಗಳನ್ನೇ ನೋಡಿದರು. ನಾಗಚಂದ್ರನ ಜೈನ ರಾಮಾಯಣದ ರಾವಣನಲ್ಲಿ ದುರಂತ ನಾಯಕನನ್ನು ಕಂಡು ಇಂಗ್ಲಿಷಿನಲ್ಲಿ ಪ್ರಬಂಧ ಬರೆದರು. ಹತ್ತನೆಯ ಶತಮಾನದ ರನ್ನನ ಕಾವ್ಯದಿಂದ 1926ರಲ್ಲಿ ‘ಗದಾಯುದ್ಧ ನಾಟಕಂ’ ಎಂಬುದನ್ನು ಕಡೆದು ತೆಗೆದರು. ಅದರಲ್ಲಿ ದುರ್ಯೋಧನನ ಪತನವೇ ನಡುವಣ ವಸ್ತು. ಪರರ ಕನ್ನಡಕ ಹಾಕಿಕೊಂಡು ನೋಡಿದಾಗ ತನ್ನ ಮನೆಯಲ್ಲಿಯೇ ಇದ್ದ ಚಿನ್ನ ಕಂಡಿತು.

1929ರಲ್ಲಿ ಬಂದ ‘ಅಶ್ವತ್ಥಾಮನ್’ ಇನ್ನೂ ಸಾಹಸದ ಕೃತಿ. ಸೊಫೋಕ್ಲೀಸನ ‘ಏಜಾಕ್ಸ್’ ನಾಟಕದ ವೀರನು ಅವಮಾನದಿಂದ ಬುದ್ಧಿ ಕದಡಿ, ದನಕರುಗಳನ್ನು ಶತ್ರುಗಳೆಂದು ಕಡಿದು, ಎಚ್ಚರವಾದಾಗ ನಾಚಿ ಪ್ರಾಣ ಬಿಡುತ್ತಾನೆ. ಆ ಪಾತ್ರಕ್ಕೆ ಶ್ರೀಯವರು ಮಹಾಭಾರತದ ದ್ರೋಣಪುತ್ರನನ್ನು ಆರಿಸಿಕೊಂಡರು. ಆದರೆ ಅಶ್ವತ್ಥಾಮನು ಚಿರಂಜೀವಿ. ಅವನನ್ನು ರಂಗದ ಮೇಲೆ ಸಾಯಿಸಿದುದನ್ನು ಆಸ್ತಿಕರೂ ವಿಮರ್ಶಕರೂ ಆಕ್ಷೇಪಿಸಿದರು. ಆಕ್ಷೇಪ ನಿರಾಧಾರವೆಂದು ನಾನು ಹೇಳಲಾರೆ. ಸಾವಿಲ್ಲದಿರುವುದೇ ನಮ್ಮ ಪುರಾಣ ಅಶ್ವತ್ಥಾಮನಿಗೆ ಕೊಟ್ಟ ಶಿಕ್ಷೆ. ಅವನಿಗೆ ಸಾವನ್ನು ಕೊಟ್ಟರೆ ಶಿಕ್ಷೆಯೇ ಮಾಯವಾಗುತ್ತದೆ. ಎರಡು ಸಂಸ್ಕೃತಿಗಳು ಎಲ್ಲಿ ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನೂ ಈ ನಾಟಕ ತೋರಿಸಿತು. ಹೊಂದುವ ಕಡೆಯನ್ನಷ್ಟೇ ಅಲ್ಲ, ಹೊಂದದ ಕಡೆಯನ್ನೂ ಅರಿಯುವವನೇ ಒಳ್ಳೆಯ ಪ್ರವಾಸಿ.

1935ರ ‘ಪಾರಸಿಕರು’ ನಾಟಕವನ್ನು ಓದುವಾಗಲೆಲ್ಲ ನನಗೆ ಶ್ರೀರಂಗಪಟ್ಟಣ ನೆನಪಾಗುತ್ತದೆ. ಇದರ ಮೂಲ ಈಸ್ಕಿಲಸನದು. ಕ್ರಿಸ್ತಪೂರ್ವ 480ರಲ್ಲಿ ಸಲಾಮಿಸ್ ಎಂಬಲ್ಲಿ ಗ್ರೀಕರು ಪಾರಸಿಕರ ಮಹಾನೌಕಾಬಲವನ್ನು ಮುರಿದರು. ಎಂಟು ವರ್ಷದ ಮೇಲೆ, ಆ ಯುದ್ಧದಲ್ಲಿ ಹೋರಾಡಿದವರೇ ಪ್ರೇಕ್ಷಕರಾಗಿ ಕುಳಿತಿದ್ದ ಅಥೆನ್ಸಿನ ರಂಗದಲ್ಲಿ, ಈ ನಾಟಕ ನಡೆಯಿತು. ಕವಿ ಸ್ವತಃ ಪಾರಸಿಕರೊಡನೆ ಮ್ಯಾರಥಾನಿನಲ್ಲಿ ಕಾದಿದ್ದವನು. ಆದರೂ ಅವನು ಗೆದ್ದವರ ಉತ್ಸವವನ್ನು ತೋರಿಸಲಿಲ್ಲ. ಸೋತವರ ರಾಜಧಾನಿಯಲ್ಲಿ, ಸುದ್ದಿಗಾಗಿ ಕಾಯುವ ಮುದುಕರ ನಡುವೆ, ಮಗನ ದಾರಿ ನೋಡುವ ರಾಜಮಾತೆಯ ಎದುರಿನಲ್ಲಿ ತನ್ನ ನಾಟಕವನ್ನಿಟ್ಟನು. ಶತ್ರುವಿನ ಮನೆಯ ಅಳುವನ್ನು ಗೆದ್ದವರ ಕಿವಿಗೆ ಕೇಳಿಸಿದನು. ಯೂರೋಪಿನ ನಾಟಕಗಳಲ್ಲಿ ನಮಗೆ ಪೂರ್ಣವಾಗಿ ಉಳಿದುಬಂದಿರುವ ಅತ್ಯಂತ ಹಳೆಯದು ಇದೇ ಎಂದು ಅನೇಕ ವಿದ್ವಾಂಸರ ಮತ. ಸೋತ ಕೋಟೆಯ ನೆರಳಿನಲ್ಲಿ ಅಕ್ಷರ ಕಲಿತ ಹುಡುಗ ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ, ಗೆದ್ದವರ ಆಳಿಕೆ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, ಅದೇ ನಾಟಕವನ್ನು ಕನ್ನಡಿಸಿದನು. ಇವೆರಡಕ್ಕೂ ಸಂಬಂಧವುಂಟೆಂದು ಪ್ರಮಾಣ ಕೊಡಲಾರೆ. ಸಂಬಂಧವಿಲ್ಲವೆಂದು ನಂಬಲೂ ಆರೆ.

ಬರೆಹದಷ್ಟೇ ಮಹತ್ತ್ವದ್ದು ಅವರ ಬೋಧನೆ ಮತ್ತು ಸಂಘಟನೆ. ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದಾಗ, 1927ರಲ್ಲಿ, ಕನ್ನಡ ಎಂ.ಎ. ತರಗತಿ ಆರಂಭವಾಯಿತು. ನಾನು ಇಂದು ನನ್ನ ಹೆಸರಿನ ಮುಂದೆ ಬರೆದುಕೊಳ್ಳುವ ಪದವಿಗೆ ಮೂಲ ಅಲ್ಲಿದೆ. ಕುವೆಂಪು, ತೀ.ನಂ. ಶ್ರೀಕಂಠಯ್ಯ, ಡಿ.ಎಲ್. ನರಸಿಂಹಾಚಾರ್ ಮೊದಲಾದವರು ಆ ಆರಂಭದ ವರ್ಷಗಳ ಫಲ. 1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದರು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. 1938ರಲ್ಲಿ ಮೈಸೂರಿನ ಮಹಾರಾಜರು ಅವರಿಗೆ ರಾಜಸೇವಾಸಕ್ತ ಎಂಬ ಬಿರುದನ್ನು ಕೊಟ್ಟರು. ಅದೇ ಸುಮಾರಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ‘ಕನ್ನಡ ನುಡಿ’ ಪತ್ರಿಕೆ, ಕನ್ನಡದ ಪರೀಕ್ಷೆಗಳು, ಊರೂರು ಸುತ್ತುವ ಭಾಷಣಗಳು ಇವುಗಳಲ್ಲಿ ತಮ್ಮನ್ನು ತೇದುಕೊಂಡರು. 1941ರಲ್ಲಿ ಶಿಷ್ಯರೂ ಮಿತ್ರರೂ ಸೇರಿ ‘ಸಂಭಾವನೆ’ ಎಂಬ ಗ್ರಂಥವನ್ನು ಅವರಿಗೆ ಅರ್ಪಿಸಿದರು. ಅವರ ಸ್ವಂತ ಕವನಗಳ ಸಂಗ್ರಹ ‘ಹೊಂಗನಸುಗಳು’ ಬಂದುದು 1943ರಲ್ಲಿ. ಪರರ ಹಾಡುಗಳನ್ನು ಮೊದಲು ಹಾಡಿ, ತಮ್ಮದನ್ನು ಕೊನೆಗೆ ಉಳಿಸಿಕೊಂಡ ಕವಿ ಅವರು.

ಅವರು ತುಳಿದ ದಾರಿಯಲ್ಲಿ ಈ ಸೀಮೆಯವರೇ ಎಷ್ಟು ಜನ ನಡೆದರೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ಫ್ರೆಂಚ್ ನಾಟಕಕಾರ ಮೋಲಿಯೇರನ ‘ತಾರ್ತುಫ್’ ಅನ್ನು ‘ಆಷಾಢಭೂತಿ’ಯನ್ನಾಗಿ ಮಾಡಿ ನಗಿಸಿದರು, ಸಾಕ್ರೆಟೀಸನ ಕೊನೆಯ ದಿನಗಳನ್ನು ಕನ್ನಡಕ್ಕೆ ತಂದರು, ವಯಸ್ಸಾದ ಮೇಲೆ ಅಮೆರಿಕಕ್ಕೆ ಹೋಗಿ ಬಂದು ಸೊಗಸಾದ ಪ್ರವಾಸಕಥನವನ್ನು ಬರೆದರು. ಅದೇ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ‘ಮೈಸೂರ ಮಲ್ಲಿಗೆ’ಯ ಕವಿಯೆಂದು ಮನೆಮಾತಾದವರು, ಸ್ಕಾಟ್ಲೆಂಡಿನ ರೈತಕವಿ ಬರ್ನ್ಸನ ಪ್ರೇಮಗೀತೆಗಳನ್ನು ಅವರೂ ಕನ್ನಡಿಸಿದರು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ಗೀತನಾಟಕವೆಂಬ ಹೊಸ ಪ್ರಕಾರವನ್ನು ಬೆಳೆಸಿದರು. ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ನೆಲ ಫ್ರೆಂಚ್ ನಾಟಕಕಾರನನ್ನು ಒಳಗೆ ಕರೆದು ಕೂರಿಸಿದ ಬಗೆ ಇದು.

1944ರಲ್ಲಿ, ಅರವತ್ತು ವರ್ಷದ ವಯಸ್ಸಿನಲ್ಲಿ, ಶ್ರೀಯವರು ಮತ್ತೆ ಧಾರವಾಡಕ್ಕೆ ಹೋದರು. ಅಲ್ಲಿ ಕೆ.ಇ. ಬೋರ್ಡಿನ ಆರ್ಟ್ಸ್ ಕಾಲೇಜಿಗೆ ಪ್ರಿನ್ಸಿಪಾಲರಾದರು. ಯೌವನದಲ್ಲಿ ಮಾತು ಆಡಿದ ಊರಿನಲ್ಲಿಯೇ ಆ ಮಾತಿನ ಋಣವನ್ನು ತೀರಿಸುವಂತೆ ದುಡಿದರು. 1946ರ ಜನವರಿ 5ರಂದು ಅಲ್ಲಿಯೇ ತೀರಿಕೊಂಡರು. 62 ವರ್ಷ ತುಂಬಿ ಎರಡು ದಿನವಾಗಿದ್ದಿತು. ನಾಡು ಸ್ವತಂತ್ರವಾದುದನ್ನೂ ಕರ್ನಾಟಕ ಒಂದಾದುದನ್ನೂ ಅವರು ನೋಡಲಿಲ್ಲ.

ಅವರು ತೋರಿಸಿದ ಯೂರೋಪು ಪೂರ್ಣವಾದ ಯೂರೋಪು ಎಂದು ನಾನು ವಾದಿಸುವುದಿಲ್ಲ. ಅದರಲ್ಲಿ ಇಂಗ್ಲೆಂಡು ಸ್ಕಾಟ್ಲೆಂಡುಗಳಿವೆ, ಪ್ರಾಚೀನ ಗ್ರೀಸ್ ಇದೆ. ಜರ್ಮನಿ, ರಷ್ಯ, ಸ್ಪೇನುಗಳು ಹೆಚ್ಚಾಗಿ ಇಲ್ಲ. ಕಾರ್ಖಾನೆಯ ಹೊಗೆಗಿಂತ ಹಸುರು ಹುಲ್ಲು ಹೆಚ್ಚಾಗಿದೆ. ಪಾಲ್‌ಗ್ರೇವನ ಸಂಕಲನದ ಕಿಟಕಿಯಿಂದ ಎಷ್ಟು ಕಾಣುತ್ತದೆಯೋ ಬಹುಮಟ್ಟಿಗೆ ಅಷ್ಟೇ. ಉಳಿದುದನ್ನು ಮುಂದಿನವರು ತುಂಬಿದರು. 1936ರಿಂದ 1938ರವರೆಗೆ ಆಕ್ಸ್‌ಫರ್ಡಿನಲ್ಲಿದ್ದ ವಿನಾಯಕ ಕೃಷ್ಣ ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ 1950ರ ದಶಕದಲ್ಲಿ ಬಂದಿತು. ಕಣ್ಣಾರೆ ಕಂಡವರ ಆ ಪುಸ್ತಕಗಳನ್ನೂ ಹೊರಡುವವನು ಓದಬೇಕು. ಆದರೆ ಕಣ್ಣಾರೆ ಕಾಣುವುದಕ್ಕೆ ಮೊದಲು ಕಣ್ಣು ಬೇಕಲ್ಲ. ಆ ಕಣ್ಣನ್ನು ಕೊಟ್ಟವರು ಬೆಳ್ಳೂರಿನವರು.

ಗ್ಲಾಸ್ಗೋಗೆ ಹೋದ ಹುಡುಗನಿಂದ ವರ್ಷದ ಮೇಲೆ ಒಂದು ಪತ್ರ ಬಂದಿತು. ರಜೆಯಲ್ಲಿ ಅವನು ಮಲ್ ದ್ವೀಪಕ್ಕೆ ಹೋಗಿ ಅಲ್ವ ದ್ವೀಪದ ಎದುರಿನ ದಡದಲ್ಲಿ ನಿಂತಿದ್ದನಂತೆ. ಅಲ್ಲಿ ಇಂದಿಗೂ ಒಂದು ಸಣ್ಣ ದೋಣಿ ಜನರನ್ನು ದಾಟಿಸುತ್ತದೆ. ಕ್ಯಾಂಬೆಲ್ಲನು ಗ್ಲಾಸ್ಗೋದಲ್ಲಿ ಹುಟ್ಟಿದವನೆಂದು ಅವನಿಗೆ ಅಲ್ಲಿ ತಿಳಿಯಿತು. ಜೊತೆಗಿದ್ದ ಆ ದೇಶದ ಗೆಳೆಯನಿಗೆ ಅವನು ಕಾರಿಹೆಗ್ಗಡೆಯ ಕಥೆಯನ್ನು ಹೇಳಿದನಂತೆ. ಆ ಗೆಳೆಯನು ಅದು ನಿಮ್ಮ ಕಡೆಯ ಕಥೆಯೇ ಎಂದು ಕೇಳಿದನಂತೆ. ಏನು ಉತ್ತರ ಹೇಳಬೇಕೆಂದು ತೋಚದೆ ಇಬ್ಬರಿಗೂ ಸೇರಿದ ಕಥೆ ಎಂದು ಹೇಳಿದೆನೆಂದು ಬರೆದಿದ್ದನು.

ಅವನಿಗೆ ಉತ್ತರ ಬರೆಯುವಾಗ ಇನ್ನೊಂದು ಸಂಗತಿಯನ್ನು ತಿಳಿಸಿದೆ. ನಮ್ಮ ಶಾಲೆಗಳಲ್ಲಿ ಮಕ್ಕಳು ಕೈಮುಗಿದು ಹಾಡುವ ‘ಕರುಣಾಳು ಬಾ ಬೆಳಕೆ’ ಎಂಬ ಪ್ರಾರ್ಥನೆಯೂ ಶ್ರೀಯವರದೇ. ಅದರ ಮೂಲ ಒಬ್ಬ ಪ್ರವಾಸಿಯ ಗೀತೆ. ಜಾನ್ ಹೆನ್ರಿ ನ್ಯೂಮನ್ ಎಂಬ ತರುಣ ಪಾದ್ರಿ ಸಿಸಿಲಿಯಲ್ಲಿ ಕಾಯಿಲೆ ಬಿದ್ದು ಎದ್ದು, ಕಿತ್ತಳೆ ಹೇರಿದ ಹಡಗೊಂದರಲ್ಲಿ ಮನೆಯ ಕಡೆಗೆ ಹೊರಟಿದ್ದನು. ಮೆಡಿಟರೇನಿಯನ್ ಸಮುದ್ರದ ನಡುವೆ ಗಾಳಿ ನಿಂತು ಹಡಗು ಕದಲಲಿಲ್ಲ. 1833ರ ಜೂನಿನಲ್ಲಿ, ಹಾಗೆ ಕಾಯುತ್ತ ಕುಳಿತಾಗ, ಬರೆದುದು ಅದು. ಗಾಂಧೀಜಿಯವರಿಗೆ ಪ್ರಿಯವಾದ ಗೀತೆ; ಗುಜರಾತಿಗೂ ಅದು ಹೋಗಿದೆ. ದಾರಿ ಕಾಣದ ಯೂರೋಪಿನವನೊಬ್ಬನ ಮೊರೆಯನ್ನು ನಾಗಮಂಗಲದ, ಕೃಷ್ಣರಾಜಪೇಟೆಯ ಹಳ್ಳಿಯ ಮಗುವೊಂದು ತನ್ನದೇ ಎಂದು ಬೆಳಿಗ್ಗೆ ಹಾಡುತ್ತದೆ. ಅದು ಯಾರದೆಂದು ಮಗುವಿಗೆ ಗೊತ್ತಿಲ್ಲ. ಬೆಳೆದ ಮೇಲಾದರೂ ಯಾರಾದರೂ ಅದಕ್ಕೆ ಹೇಳಬೇಕು. ಹೇಳುವ ಕೆಲಸ ನಮ್ಮಂಥ ಮೇಷ್ಟರುಗಳದು.